ಹಡಗಲಿಯ ಹತ್ತು ಅಡಿ

ಫೆಬ್ರುವರಿ ಇಪ್ಪತ್ತೆರಡು, ಭಾನುವಾರ. ಬರೆಯಲು ಕೂತದ್ದು ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ.

ಅವರು ತೀರಿಕೊಂಡರೆಂಬುದು ನನಗೆ ಗೊತ್ತಾದದ್ದು ಮೊನ್ನೆ ಗುರುವಾರ ಒಂಬತ್ತೂವರೆಗೆ, ಅಂಗಡಿಯ ಷಟರ್ ಎತ್ತುವಾಗ. ಉಜ್ಜಿನಿ ಕಡೆಯಿಂದ ಬಂದ ಗಿರಾಕಿಯೊಬ್ಬರು ಹೇಳಿದರು. ಅಷ್ಟರಲ್ಲಿ ಮಣ್ಣು ಮಾಡಿ ಒಂಬತ್ತು ದಿನ ಕಳೆದಿತ್ತು. ಆ ದಿನ ನಾನೇನು ಮಾಡುತ್ತಿದ್ದೆ ಎಂದು ದಿನಚರಿ ತೆಗೆದು ನೋಡಿದೆ. ತಂಬ್ರಹಳ್ಳಿಯ ಒಂದು ಮನೆಯಲ್ಲಿ ಅಳತೆ ತೆಗೆಯುತ್ತಿದ್ದೆ. ಆ ಮನೆಯವರು ನನಗೆ ನೀರು ಕೊಡುವ ಮೊದಲೇ ಕೇಳಿದ್ದರು, “ಮೇಸ್ತ್ರಿ ಬಂದಿಲ್ಲೇನ್ರಿ?”

ಅವರ ಹೆಸರು ಬರೆಯುವುದಿಲ್ಲ. ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಸುತ್ತ ಮನೆಯ ಮುಂದೆ ಚಪ್ಪರ ಹಾಕಿಸಿಕೊಂಡವರಿಗೆ ಮೇಸ್ತ್ರಿ ಎಂದರೆ ಸಾಕು. ಚಪ್ಪರ ಎಂದರೆ ಮದುವೆಯ ಚಪ್ಪರವಲ್ಲ. ನಮ್ಮ ಅಂಗಡಿಯ ಬೋರ್ಡಿನ ಮೇಲೆ ಅದಕ್ಕೆ ರಿಟ್ರ್ಯಾಕ್ಟಬಲ್ ಆನಿಂಗ್ ಎಂದು ಬರೆದಿದೆ; ಕೊಳ್ಳಲು ಬರುವವರು ಸುತ್ತೋ ಚಪ್ಪರ ಎನ್ನುತ್ತಾರೆ. ಗೋಡೆಗೆ ಒಂದು ಉರುಳೆ, ಅದಕ್ಕೆ ಸುತ್ತಿದ ದಪ್ಪ ಬಟ್ಟೆ, ಹಿಡಿಕೆ ತಿರುಗಿಸಿದರೆ ಎರಡು ಕಬ್ಬಿಣದ ತೋಳು ಚಾಚಿಕೊಂಡು ಅಂಗಳಕ್ಕೆ ನೆರಳು ಬರುತ್ತದೆ, ಬೇಡವಾದಾಗ ಹಿಂದಕ್ಕೆ ಸುತ್ತಿಕೊಳ್ಳುತ್ತದೆ. ತಗಡು ಹೊದಿಸಿದರೆ ಅಗ್ಗವಾಗುತ್ತದಲ್ಲ ಎಂದು ಗಂಡಸರು ಕೇಳುತ್ತಿದ್ದರು. ಮೇಸ್ತ್ರಿ ಆ ಮನೆಯ ಹೆಂಗಸರ ಕಡೆ ತಿರುಗಿ, ಮೆಣಸಿನಕಾಯಿ ಎಲ್ಲಿ ಒಣಹಾಕುತ್ತೀರಿ, ಸಂಡಿಗೆ ಎಲ್ಲಿ ಇಡುತ್ತೀರಿ ಎಂದು ವಿಚಾರಿಸುತ್ತಿದ್ದರು. ಅಲ್ಲಿಗೆ ತಗಡಿನ ಮಾತು ಮುಗಿಯುತ್ತಿತ್ತು. “ನೆಳ್ಳು ಬೇಕಾದೋರಿಗೆ ಬಿಸ್ಲೂ ಬೇಕಾಗತೈತ್ರಿ” ಎಂಬುದು ಅವರು ಮನೆಮನೆಯಲ್ಲೂ ಹೇಳುತ್ತಿದ್ದ ಮಾತು. ನಾನಿದ್ದಾಗಲೇ ನಲವತ್ತಾರು ಸಲ ಹೇಳಿದ್ದಾರೆ.

ನಲವತ್ತಾರು ಎಂದು ಹೇಗೆ ಗೊತ್ತೆಂದರೆ, ನಾನು ಎಣಿಸುತ್ತೇನೆ. ಓದುವ ಕಾಲದಿಂದಲೂ ಇರುವ ಅಭ್ಯಾಸ. ಡಿಪ್ಲೊಮಾ ಸಿವಿಲ್ ಮುಗಿಸಿ ಜೂನ್ ಎರಡನೇ ತಾರೀಖು ಅಂಗಡಿಗೆ ಸೇರಿದಾಗ ಹೊಸ ನೋಟ್‌ಬುಕ್ ತೆಗೆದೆ. ಅದರ ಹಿಂಭಾಗದಲ್ಲಿ ಒಂದು ಪುಟ ಬರೀ ಗೀಟುಗಳಿಗೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ನಾನು ಒಬ್ಬಳೇ ಯಾವುದಾದರೂ ಮನೆಗೆ ಹೋದಾಗ “ಮೇಸ್ತ್ರಿ ಬಂದಿಲ್ಲೇನ್ರಿ” ಎಂದು ಕೇಳಿದರೆ ಒಂದು ಗೀಟು. ಅಕ್ಟೋಬರ್ ಕೊನೆಯ ಹೊತ್ತಿಗೆ ಮೂವತ್ತೊಂದು ಆಗಿದ್ದವು.

ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು. ಈ ಬರಹವನ್ನು ಅದನ್ನು ತಿಳಿದುಕೊಂಡೇ ಓದಬೇಕು. ಹೊಗಳಿದ್ದೇನೆ ಅನ್ನಿಸಿದ ಕಡೆಯಲ್ಲೂ ಅದು ಇದೆ.

ಉದ್ದನೆಯ, ಒಣಕಲು ಮನುಷ್ಯ. ಮೊದಲು ಲಾರಿಗಳಿಗೆ ತಾಡಪತ್ರಿ ಹೊಲಿಯುತ್ತಿದ್ದರು. ಬಲಗೈ ಹೆಬ್ಬೆರಳಿನ ಬುಡ ದಬ್ಬಳ ಒತ್ತಿ ಒತ್ತಿ ಕಲ್ಲಿನಂತಾಗಿತ್ತು. ಮೊಣಕಾಲು ನೋವಿನಿಂದ ಏಣಿ ಹತ್ತುವುದು ಬಿಟ್ಟಿದ್ದರು. ಚಪ್ಪರ ಕೂಡಿಸುವ ಕೆಲಸಕ್ಕೆ ಬೇರೆ ಇಬ್ಬರಿದ್ದರು, ಇವರದು ಅಳತೆ ಮಾತ್ರ. ಅಳತೆಯವರ ಜೇಬಿನಲ್ಲಿ ಟೇಪಾದರೂ ಇರಬೇಕಲ್ಲ? ಇರಲಿಲ್ಲ. ಪೆನ್ನೂ ಇರಲಿಲ್ಲ. ಬಟ್ಟೆಯ ತುಂಡುಗಳ ಒಂದು ಸಣ್ಣ ಕಟ್ಟು ಇರುತ್ತಿತ್ತು, ದಾರ ಕಟ್ಟಿದ್ದು. ಟೇಪು ಹಿಡಿಯುವವಳು ನಾನು, ಬರೆಯುವವಳು ನಾನು. ಗೋಡೆಯ ಉದ್ದ, ಬಾಗಿಲಿನ ಎತ್ತರ, ಸಜ್ಜದ ಚಾಚು, ಎಲ್ಲವನ್ನೂ ಮೂರು ಮೂರು ಸಲ ಅಳೆದು ಬರೆದುಕೊಳ್ಳುತ್ತಿದ್ದೆ. ಅಷ್ಟೊತ್ತೂ ಅವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಆ ಮನೆಯ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಬೋರು ಎಷ್ಟು ಆಳ ಎಂದೆಲ್ಲ ಮಾತಾಡುತ್ತಿದ್ದರು. ಕೊನೆಗೊಮ್ಮೆ ಎದ್ದು ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಡುತ್ತಿದ್ದರು. ಒಳಗೆ ಮಣ್ಣಿದ್ದರೆ ಒಂದು ಸದ್ದು, ಇಟ್ಟಿಗೆಯಿದ್ದರೆ ಒಂದು ಸದ್ದಂತೆ. ನಾನೂ ಕುಟ್ಟಿ ನೋಡಿದೆ. ನನಗೆ ಕುಟ್ಟಿದ ಸದ್ದು ಮಾತ್ರ ಕೇಳಿತು.

ಕೊಟ್ಟೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಏಳಡಿ ಅಗಲದ ಗೋಡೆಗೆ ಒಂಬತ್ತಡಿ ಮುಂದಕ್ಕೆ ಚಾಚುವ ಚಪ್ಪರ ಬೇಕೆಂದು ಹಟ ಹಿಡಿದರು. ಆಗದು ಎಂದು ನಾನು ಕಾಗದದ ಮೇಲೆ ಚಿತ್ರ ಬರೆದು ಕಾಲು ಗಂಟೆ ಹೇಳಿದೆ. ಮೇಷ್ಟ್ರು ನನ್ನ ಚಿತ್ರದಲ್ಲಿ ತಪ್ಪು ಹುಡುಕತೊಡಗಿದರು. ಆಗ ಇವರು ಎದ್ದು ಬೆನ್ನನ್ನು ಗೋಡೆಗೆ ಆನಿಸಿ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಆಮೇಲೆ ಮೊಳಕೈ ಮಡಚಿ ಎರಡನ್ನೂ ಎದೆಗೆ ತಂದುಕೊಂಡರು.

“ನೋಡ್ರಿ ಸರ, ಸುತ್ತಿದಾಗ ಎರಡೂ ಕೈ ಹಿಂಗ ಒಳಗ ಮಲಗ್ಬಕು. ಗ್ವಾಡಿ ಸಣ್ಣದಾದ್ರ ಮೊಳಕೈ ಮೊಳಕೈ ಬಡಕಂತಾವ. ಚಾಚೋದಕಿಂತ ಅಗಲ ಜಾಸ್ತಿ ಇರಬಕು. ಏಳಡಿ ಗ್ವಾಡಿಗೆ ಒಂಬತ್ತು ಚಾಚಂಗಿಲ್ಲ, ಅಷ್ಟ.”

ಮೇಷ್ಟ್ರು ತಾವೂ ಎದ್ದು ಕೈ ಮಡಚಿ ನೋಡಿಕೊಂಡು ಒಪ್ಪಿದರು. ನಾನು ಹೇಳಿದ್ದೂ ಅದನ್ನೇ. ಬಸ್ಸಿನಲ್ಲಿ ಬರುವಾಗ ದಿನಚರಿಯಲ್ಲಿ ಬರೆದೆ: ‘ಆಗಸ್ಟ್ ಹನ್ನೆರಡು. ನನಗೆ ಹದಿನೈದು ನಿಮಿಷ. ಅವರಿಗೆ ಒಂದು.’

ಹರಪನಹಳ್ಳಿಯಲ್ಲಿ ಇನ್ನೊಂದು. ಪಡುವಣ ದಿಕ್ಕಿನ ಅಂಗಳ, ಸಂಜೆ ಬಿಸಿಲು ಬಹಳ ಎಂದು ಆ ಮನೆಯ ಯಜಮಾನರು ಫೋನಿನಲ್ಲೇ ಒಪ್ಪಿಕೊಂಡಿದ್ದರು. ನಾನು ಆರ್ಡರ್ ಫಾರಂ ಅರ್ಧ ತುಂಬಿದ್ದೆ. ಎದುರಿಗೆ ಹೊಸದಾಗಿ ಎರಡಂತಸ್ತಿನ ಮನೆ ಏಳುತ್ತಿತ್ತು. ಮೇಸ್ತ್ರಿ ಅದನ್ನೇ ನೋಡುತ್ತ ಕೂತರು. ನಾಲ್ಕಕ್ಕೆ ಅದರ ನೆರಳು ಬೀದಿ ದಾಟಿತು, ನಾಲ್ಕೂವರೆಗೆ ಇವರ ಅಂಗಳಕ್ಕೆ ಬಂತು. “ಎದುರು ಮನಿಯೋರು ನಿಮಗ ಪುಕ್ಕಟ ಚಪ್ಪರ ಹಾಕ್ಯಾರ. ಕುರ್ಚಿ ಒಂದೀಟು ಈ ಕಡಿ ಎಳಕೊಳ್ರಿ ಸಾಕು” ಎಂದು ಎದ್ದರು. ಅಂಗಡಿಗೆ ಬಂದು ಮಾಲೀಕರಾದ ಸಾವ್ಕಾರರಿಗೆ ದೂರು ಕೊಟ್ಟೆ. ಸಾವ್ಕಾರರು ನಕ್ಕರು. ಮುಂದಿನ ತಿಂಗಳು ಅದೇ ಯಜಮಾನರ ಮಾತು ಕೇಳಿ ಅದೇ ಬೀದಿಯ ಮೂರು ಮನೆಯವರು ಬಂದರು. ಮೂವರೂ ಮೇಸ್ತ್ರಿಯನ್ನೇ ಕೇಳಿಕೊಂಡು ಬಂದವರು. ಅಂಗಡಿಯಲ್ಲಿ ಕೇಳಿದ್ದಾದರೂ ಮೂರು ಗೀಟು.

ಅವರದೊಂದು ಕ್ರಮವಿತ್ತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಿರಾಕಿಯ ಮನೆಯಲ್ಲಿ ಅವರು ಚಪ್ಪರದ ಅಳತೆಯನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬಟ್ಟೆಯ ಬಣ್ಣ ಅಲ್ಲೇ ಗೊತ್ತುಮಾಡುತ್ತಿದ್ದರು, ದಿನ ಅಲ್ಲೇ ಹೇಳುತ್ತಿದ್ದರು, ಎಷ್ಟು ಅಗಲ ಎಷ್ಟು ಚಾಚು ಎಂಬುದು ಮಾತ್ರ ಆ ಊರಿನ ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ. “ಮನಿಯಾಗ ಹೇಳಿದ್ರ ಒಬ್ಬೊಬ್ರೂ ಒಂದೊಂದು ಫೂಟು ಸೇರಸ್ತಾರ ತಂಗೆಮ್ಮ. ಬೀಗ್ರು ಬಂದ್ರ ಅವರೂ ಒಂದು ಸೇರಸ್ತಾರ” ಎನ್ನುತ್ತಿದ್ದರು. ಬೆಂಚಿನ ಮೇಲೆ ಕೂತು ಎರಡು ಅಂಕಿ ಹೇಳುವರು, ನಾನು ಫಾರಂನಲ್ಲಿ ಬರೆಯುವೆ. ಬರೆದದ್ದನ್ನು ಅವರು ನೋಡುತ್ತಿರಲಿಲ್ಲ. ಗಿರಾಕಿಗೂ ಗೊತ್ತಿಲ್ಲ, ಸಾವ್ಕಾರರಿಗೂ ಗೊತ್ತಿಲ್ಲ. ಫಾರಂ ಚಪ್ಪರ ತಯಾರಿಸುವ ಕಂಪನಿಗೆ ಹೋಗುವವರೆಗೆ ಆ ಅಂಕಿ ಇಬ್ಬರಲ್ಲೇ ಇರುತ್ತಿತ್ತು.

ನಾನು ಸೇರಿದ ದಿನ ಸಾವ್ಕಾರರು ಹೇಳಿದ್ದರು, “ಆರು ತಿಂಗಳು ಮೇಸ್ತ್ರಿ ಜೊತಿ ತಿರುಗಾಡವ್ವ, ಆಮ್ಯಾಲ ಅಳತಿ ಎಲ್ಲಾ ನಿಂದ.” ನಾನು ದಿನ ಎಣಿಸುತ್ತಿದ್ದೆ. ಅಕ್ಟೋಬರ್ ಇಪ್ಪತ್ತೇಳಕ್ಕೆ ಯಾರೋ ಕೇಳಿದ್ದಕ್ಕೆ ಅದೇ ಸಾವ್ಕಾರರು, ಮೇಸ್ತ್ರಿ ಇರುವ ತನಕ ಅಳತೆ ಮೇಸ್ತ್ರಿಯದೇ, ಈ ಹುಡುಗಿ ಬರೆದುಕೊಳ್ಳುತ್ತಾಳೆ ಎಂದರು. ನಾನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಮನೆಗೆ ಹೋಗಿ ಅವ್ವನಿಗೆ ಹೇಳಿದರೆ ಅವಳು, “ಅವರು ದೊಡ್ಡೋರು, ಕಲಕೋ” ಎಂದಳು. ನಮ್ಮ ಮನೆಯ ಮುಂದಿನ ಅಂಗಳದ ನೆರಳನ್ನು ನಾನು ಜೂನ್‌ನಿಂದ ಗಂಟೆಗಂಟೆಗೆ ಗುರುತು ಹಾಕಿ ಇಟ್ಟಿದ್ದೆ. ಅದನ್ನೂ ಮೇಸ್ತ್ರಿ ಬಂದು ನೋಡಲಿ ಎಂದಳು.

ಹಡಗಲಿಗೆ ಹೋದದ್ದು ನವೆಂಬರ್ ಇಪ್ಪತ್ತು, ಗುರುವಾರ. ಮನೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ತೆಂಕಣ ಮುಖದ ಮನೆ. ಮುಂದೆ ಫರಸಿ ಕಲ್ಲು ಹಾಸಿದ ಅಂಗಳ, ಎರಡೂ ಕಡೆ ಕಾಂಪೌಂಡ್ ಗೋಡೆ, ನಡುವೆ ಸರಿಯಾಗಿ ಹದಿನಾಲ್ಕು ಅಡಿ. ಮನೆಯವರದು ಮಲ್ಲಿಗೆ ತೋಟ. ಬೆಳಿಗ್ಗೆ ಬಿಡಿಸಿ ತಂದ ಮೊಗ್ಗನ್ನು ಗೋಡೆಗೆ ಒತ್ತಿ ಚಾಪೆ ಹಾಸಿಕೊಂಡು ನಾಲ್ವರು ಹೆಂಗಸರು ಕಟ್ಟುತ್ತಿದ್ದರು. ಬಿಸಿಲಿಗೆ ಹೂವು ಬಾಡುತ್ತದೆ, ಅದಕ್ಕೆ ಚಪ್ಪರ. ಮನೆಯ ಯಜಮಾನರು ಬಾಗಿಲಲ್ಲೇ ಹೇಳಿಬಿಟ್ಟರು, ಈ ಗೋಡೆಯಿಂದ ಆ ಗೋಡೆಗೆ ಪೂರ್ತಿ ಬರಲಿ, ಬೀದಿಯಿಂದ ನೋಡಿದರೆ ಭರ್ತಿ ಕಾಣಬೇಕು.

ನಾನು ಮೂರು ಸಲ ಅಳೆದೆ. ಮೂರು ಸಲವೂ ಹದಿನಾಲ್ಕು.

ಮೇಸ್ತ್ರಿ ಚಹಾ ಕುಡಿದರು. ಬಟ್ಟೆಯ ಕಟ್ಟು ಬಿಚ್ಚಿ ಹಳದಿ ತುಂಡನ್ನು ಹೂವಿನ ಮೊರದ ಮೇಲೆ ಹಿಡಿದು, ಇದರಡಿ ಅರಳಿದ ಹೂವು ಯಾವುದು ಮೊಗ್ಗು ಯಾವುದು ಹೇಳ್ರಿ ನೋಡೋಣ ಎಂದು ಹೆಂಗಸರಿಗೆ ಕೇಳಿದರು. ಹಳದಿ ನೆರಳಿನಲ್ಲಿ ಎಲ್ಲವೂ ಹಳದಿಯೇ. ನಾಲ್ವರೂ ನಕ್ಕರು. ಬೂದು ಬಿಳಿ ಬಟ್ಟೆ ಎಂದಾಯಿತು. ಆ ಹೆಂಗಸರ ಪಕ್ಕದಲ್ಲಿ, ಚಾಪೆಯ ಅಂಚಿಗೆ, ಯಜಮಾನರ ತಾಯಿ ಸಣ್ಣ ಮಣೆಯ ಮೇಲೆ ಬಿಸಿಲಿಗೆ ಮೊಣಕಾಲು ಚಾಚಿ ಕೂತಿದ್ದರು. ಎಣ್ಣೆ ಹಚ್ಚಿಕೊಂಡಿದ್ದರು. ಅವರಿಗೆ ಕಿವಿ ಮಂದ. ಏನಾದರೂ ಹೇಳಬೇಕಾದರೆ ಪಕ್ಕದಲ್ಲಿ ಕೂತ ಸೊಸೆ ಅವರ ತೊಡೆ ತಟ್ಟಿ, ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದಳು. ಅಜ್ಜಿ ಕೇಳಿಸಿಕೊಂಡು ಒಂದು ಸಣ್ಣ ಬೈಗುಳ ಸೇರಿಸಿ ಉತ್ತರ ಕೊಡುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಇದನ್ನೆಲ್ಲ ನಾನು ಈಗ ಬರೆಯುತ್ತಿದ್ದೇನೆ. ಆ ದಿನದ ನನ್ನ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಸುದ್ದಿಯೇ ಇಲ್ಲ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಮೇಸ್ತ್ರಿ ಹೇಳಿದರು, “ಅಗಲ ಹತ್ತು. ಚಾಚು ಎಂಟು. ಪಡುವಲ ಗ್ವಾಡಿಯಿಂದ ಹಿಡಿ.”

“ಅಂಗಳ ಹದಿನಾಲ್ಕು ಐತಲ್ರಿ ಮೇಸ್ತ್ರಿ. ಯಜಮಾನ್ರು ಪೂರ್ತಿ ಬೇಕಂದ್ರು.”

“ಯಜಮಾನ್ರು ಬೀದ್ಯಾಗ ನಿಂತು ನೋಡ್ತಾರ. ಕುಂದ್ರೋರು ಅವರಲ್ಲ. ಹತ್ತು ಬರಿ.”

ಇಷ್ಟೇ. ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಯಾವತ್ತೂ ಮುಚ್ಚಿಟ್ಟವರಲ್ಲ. ನಾನು ಫಾರಂ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, ಅಗಲ ಎಂಬ ಜಾಗದಲ್ಲಿ ಹದಿನಾಲ್ಕು ಎಂದು ಬರೆದೆ. ಗಿರಾಕಿ ಹೇಳಿದ್ದೂ ಅದೇ, ನನ್ನ ಟೇಪು ಹೇಳಿದ್ದೂ ಅದೇ ಎಂದುಕೊಂಡೆ. ಒಂದು ಸಲವಾದರೂ ನನ್ನ ಅಳತೆಯ ಚಪ್ಪರ ಮೇಲೇಳಲಿ, ಅದನ್ನು ಎಲ್ಲರೂ ಚೆನ್ನಾಗಿದೆ ಎನ್ನಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ಬಸ್ಸು ಬರುವ ದಿಕ್ಕನ್ನು ನೋಡುತ್ತಿದ್ದರು.

ಡಿಸೆಂಬರ್ ಒಂಬತ್ತಕ್ಕೆ ಚಪ್ಪರ ಕೂಡಿಸಿ ಬಂದರು. ಯಜಮಾನರು ಖುಷಿಯಾಗಿ ಫೋಟೊ ಕಳಿಸಿದರು. ನಿಜಕ್ಕೂ ಭರ್ತಿ ಕಾಣುತ್ತಿತ್ತು. ಹದಿನೈದನೇ ತಾರೀಖು ಹನ್ನೊಂದೂಕಾಲಿಗೆ ಆ ಅಜ್ಜಿಯ ಸೊಸೆಯ ಫೋನು ಬಂತು, ಎತ್ತಿದವಳು ನಾನೇ. ಆಕೆ ಜಗಳ ಮಾಡಲಿಲ್ಲ, ಸುಮ್ಮನೆ ಹೇಳಿದಳು. ಬೆಳಿಗ್ಗೆ ಮೂಡಲ ಕಾಂಪೌಂಡಿನ ನೆರಳು ಒಂದು ಕಡೆ ಇರುತ್ತದೆ, ಈ ಕಡೆ ಚಪ್ಪರದ ನೆರಳು, ನಡುವೆ ಬಿಸಿಲು ಬೀಳುವ ಜಾಗವೇ ಉಳಿದಿಲ್ಲ. ಅತ್ತೆಗೆ ಚಳಿಗೆ ಮೊಣಕಾಲು ಹಿಡಿಯುತ್ತವೆ. ಮಣೆ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ಬಿಸಿಲಿಗೆ ಕೂರುತ್ತಾರೆ. ಅಲ್ಲಿಂದ ಅವರಿಗೆ ಏನೂ ಕೇಳುವುದಿಲ್ಲ. ಚಪ್ಪರ ಸುತ್ತಿದರೆ ಹೂವು ಬಾಡುತ್ತದೆ. “ಅವರು ಇತ್ಲಾಗ ನೋಡಿ ನೋಡಿ ಸುಮ್ನ ಅಕ್ಕಾರ್ರಿ. ಮೇಸ್ತ್ರಿ ಅಷ್ಟೊತ್ತು ಕುಂತು ನೋಡಿದ್ರಲ್ಲ, ಹಿಂಗ ಯಾಕ ಮಾಡಿದ್ರು?”

ಫೋನಿಟ್ಟು ಲೆಕ್ಕ ಹಾಕಿದೆ. ಹತ್ತು ಅಡಿ ಆಗಿದ್ದರೆ ಎರಡು ನೆರಳುಗಳ ನಡುವೆ ಮೂರಡಿ ಬಿಸಿಲು ಉಳಿಯುತ್ತಿತ್ತು, ಸರಿಯಾಗಿ ಚಾಪೆಯ ಅಂಚಿಗೆ. ಅವರು ಗೋಡೆಯನ್ನು ಅಳೆದಿರಲಿಲ್ಲ. ಸೊಸೆಯ ಕೈ ಅತ್ತೆಯ ತೊಡೆಗೆ ಎಟಕುವ ದೂರ ಅಳೆದಿದ್ದರು. ಆರು ತಿಂಗಳ ನನ್ನ ನೆರಳಿನ ಪಟ್ಟಿಗಳಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಆ ಕ್ಷಣಕ್ಕೆ ನನಗೆ ಬಂದದ್ದು ಪಶ್ಚಾತ್ತಾಪವಲ್ಲ. ಇದು ನನಗೇಕೆ ಕಾಣಲಿಲ್ಲ ಎಂಬ ಉರಿ.

ಸಂಜೆ, ಫೋನಿನ ದೂರು ಕಿವಿಗೆ ಬಿದ್ದ ಮೇಲೆ, ಸಾವ್ಕಾರರು ಇಬ್ಬರನ್ನೂ ಕೂರಿಸಿಕೊಂಡು ಫಾರಂ ಮೇಜಿನ ಮೇಲಿಟ್ಟರು. ಹಡಗಲಿಯದು ಹದಿನಾಲ್ಕು ಹೇಳಿದ್ದಿರೇನು ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿ ಫಾರಂ ಕೈಗೆ ತೆಗೆದುಕೊಂಡರು. ನನ್ನ ಅಕ್ಷರ ದುಂಡಗಿರುತ್ತದೆ, ತಪ್ಪು ಓದಿಕೊಳ್ಳುವ ಹಾಗೆ ಇರುವುದಿಲ್ಲ. ಬಹಳ ಹೊತ್ತು ನೋಡಿದರು. ನಾನು ಗಡಿಯಾರ ನೋಡುತ್ತಿದ್ದೆ, ಆರು ಇಪ್ಪತ್ತು. ಬಾಯಿ ಬಿಡಲು ನನಗೆ ಸಾಕಷ್ಟು ಸಮಯವಿತ್ತು.

“ನಾನ ಹಂಗ ಹೇಳಿರ್ಬಕ್ರಿ” ಎಂದರು. “ವಯಸ್ಸಾತು.”

ಜನವರಿ ಒಂದರಿಂದ ಅಳತೆ ನನ್ನದಾಯಿತು.

ಅದಕ್ಕೂ ಮೊದಲಿನ ಎರಡು ವಾರ ಅವರು ನನ್ನ ಜೊತೆ ಇನ್ನೂ ನಾಲ್ಕು ಮನೆಗೆ ಬಂದರು. ನಾಲ್ಕೂ ಸಲ ಬಸ್‌ಸ್ಟ್ಯಾಂಡಿನಲ್ಲಿ ಅಂಕಿಯನ್ನು ಎರಡೆರಡು ಸಲ ಹೇಳಿದರು. ಆಮೇಲೆ, “ಬರಕಂಡಿ? ಓದು ನೋಡನ” ಎಂದರು. ನಾನು ಓದಿದೆ. “ನಾ ಅಂದಿದ್ದು ಅದ ಏನು?” ಎಂದು ಕೇಳಿದರು. ಹೌದು ಎಂದೆ. ಕೂಡ್ಲಿಗಿಯಲ್ಲಿ ನನ್ನ ಟೇಪು ಇಸಿದುಕೊಂಡು ತಾವೇ ಗೋಡೆಗೆ ಹಿಡಿದರು. ಟೇಪಿನ ತುದಿ ಜಾರಿ ಮೂರು ಸಲ ಬಿತ್ತು. ಮನೆಯ ಹೆಂಗಸು, ನಿಮಗೆ ಟೇಪು ಯಾಕ್ರಿ ಮೇಸ್ತ್ರಿ ಎಂದು ನಕ್ಕಳು. ಅವರೂ ನಕ್ಕರು. ಜನವರಿ ಮೂರರ ನಂತರ ಅಂಗಡಿಗೆ ಬರಲಿಲ್ಲ. ಉಜ್ಜಿನಿ ಹತ್ತಿರ ಮಗಳ ಮನೆಗೆ ಹೋದರೆಂದು ತಿಳಿಯಿತು. ಅಷ್ಟು ದೂರದ ಊರೇನಲ್ಲ. ನಾನು ಹೋಗಲಿಲ್ಲ.

ನಿನ್ನೆ ಹಡಗಲಿಗೆ ಹೋಗಿದ್ದೆ. ಸೊಸೆಯ ಎದುರು ಕೂತು, ಅಂಕಿ ಬದಲಾಯಿಸಿದವಳು ನಾನು ಎಂದು ಹೇಳಿದೆ. ಆಕೆ ಹೂವು ಕಟ್ಟುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. ಬೇರೆ ಒಂದು ಸಂಗತಿ ಹೇಳಿದಳು. ಡಿಸೆಂಬರ್‌ನ ಒಂದು ಭಾನುವಾರ ಮೇಸ್ತ್ರಿ ಒಬ್ಬರೇ ಬಸ್ಸಿಗೆ ಬಂದಿದ್ದರಂತೆ, ಚೀಲದಲ್ಲಿ ಗರಗಸ ಇಟ್ಟುಕೊಂಡು. ನಾಲ್ಕು ಅಡಿ ಕತ್ತರಿಸಿ ಸರಿಮಾಡಿ ಕೊಡುತ್ತೇನೆ ಎಂದರಂತೆ. ಯಜಮಾನರು ಒಪ್ಪಲಿಲ್ಲ, ಬೀದಿಯವರೆಲ್ಲ ಚೆನ್ನಾಗಿದೆ ಅಂದಿದ್ದಾರೆ ಎಂದು. ಮೇಸ್ತ್ರಿ ಗೇಟಿನ ಹತ್ತಿರ ಹೋಗಿ ಅಜ್ಜಿಯ ಪಕ್ಕ ನೆಲಕ್ಕೆ ಕೂತು, ಕಿವಿಗೆ ಬಾಗಿ ಏನೇನೋ ಮಾತಾಡಿ ಹೋದರಂತೆ. ಏನು ಹೇಳಿದರು ಎಂದು ನಾನು ಅಜ್ಜಿಯನ್ನು ಕೇಳಿದೆ. ಸೊಸೆ ತೊಡೆ ತಟ್ಟಿ ಕಿವಿಯಲ್ಲಿ ಹೇಳಿದಳು. ಅಜ್ಜಿ ನನ್ನನ್ನು ನೋಡಿ, “ಯಾರಿಗೆ ಗೊತ್ತವ್ವ, ಬಾಯಿ ಅಲ್ಲಾಡ್ತಿತ್ತು, ಪಾಪ, ನಾನೂ ಹ್ಞೂ ಹ್ಞೂ ಅಂದೆ” ಎಂದರು.

ಮುಂದಿನ ಚಳಿಗೆ ಮೊದಲು ಚಪ್ಪರವನ್ನು ಹತ್ತು ಅಡಿಗೆ ಇಳಿಸಿಕೊಡುತ್ತೇನೆ ಎಂದು ಬರೆದುಕೊಟ್ಟು ಬಂದಿದ್ದೇನೆ. ಯಜಮಾನರು ನೋಡೋಣ ಎಂದಿದ್ದಾರೆ. ಸಾವ್ಕಾರರಿಗೂ ನಿನ್ನೆ ಸಂಜೆ ಐದೂ ನಲವತ್ತಕ್ಕೆ ಹೇಳಿದೆ. ಅವರು ನಾಳೆ ಮಾತಾಡೋಣ ಎಂದರು. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನನಗೆ ಗೊತ್ತಾಗಬೇಕಾದದ್ದು ಒಂದೇ. ಆ ಸಂಜೆ ಫಾರಂ ನೋಡುತ್ತ ಅವರು ನನ್ನ ತಪ್ಪು ಹಿಡಿದೂ ಬಿಟ್ಟರೋ? ಅಥವಾ ನಿಜವಾಗಿಯೂ ತಮ್ಮ ಬಾಯಿಂದಲೇ ಹದಿನಾಲ್ಕು ಬಂದಿರಬೇಕೆಂದು ನಂಬಿಬಿಟ್ಟರೋ? ಹಿಡಿದೂ ಬಿಟ್ಟಿದ್ದರೆ ಅವರು ನನಗಿಂತ ಎಷ್ಟು ದೊಡ್ಡವರೆಂದು ಇನ್ನೊಂದು ಗೀಟು ಎಳೆದುಕೊಂಡು, ಹೊಟ್ಟೆಕಿಚ್ಚು ಪಡುತ್ತಲೇ ಬದುಕುತ್ತೇನೆ. ಅದು ನನಗೆ ರೂಢಿಯಾಗಿದೆ. ನಂಬಿಬಿಟ್ಟಿದ್ದರೆ, ಗೋಡೆ ಕುಟ್ಟಿ ಒಳಗಿನದನ್ನು ಹೇಳುತ್ತಿದ್ದ ಮನುಷ್ಯ ಕೊನೆಯ ಎರಡು ತಿಂಗಳು ತನ್ನ ನೆನಪನ್ನೇ ನಂಬದೆ ಹೋಗಿದ್ದಾರೆ, ನನ್ನಿಂದ.

ಜನವರಿ ಮೂರರ ನಂತರ ಅವರ ಜೊತೆ ಕೂತು ಮಾತಾಡಿದವರು ಯಾರಾದರೂ ಇದನ್ನು ಓದಿದರೆ, ಉಜ್ಜಿನಿ ಕಡೆಯವರಾಗಲಿ, ಬಸ್ಸಿನಲ್ಲಿ ಪಕ್ಕ ಕೂತವರಾಗಲಿ, ಹಡಗಲಿಯ ಹತ್ತು ಅಡಿಯ ಮಾತು ಬಂದಿತ್ತೇ ಎಂದು ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ನನ್ನನ್ನು ಬೈದಿದ್ದರೆ ಬೈದ ಮಾತನ್ನು ಹಾಗೆಯೇ ಬರೆಯಿರಿ, ತಿದ್ದಬೇಡಿ. ಅವರು ನನ್ನನ್ನು ಬೈದಿರಲಿ ಎಂದೇ ಕಾಯುತ್ತಿದ್ದೇನೆ.